ಬಳಕೆದಾರನ ಹೆಸರು ಉದ್ದವಾದರೆ ಪ್ರೋಗ್ರಾಂ ನಿಧಾನವೇ?

ಕಂಪ್ಯೂಟರ್ ವಿಜ್ಞಾನದ ಸಂಶೋಧನೆ ಅಂದರೆ ಕೂತು ಪ್ರೋಗ್ರಾಂ ಬರೆಯುವುದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು ಅರ್ಧ ಕೆಲಸ. ಬರೆದದ್ದರ ಬಗ್ಗೆ ಆಡಿದ ಮಾತು ನಿಜ ಅಂತ ತೋರಿಸಬೇಕಲ್ಲ, ಕಷ್ಟ ಇರುವುದು ಅಲ್ಲಿ.

ಕೆಲವು ಮಾತುಗಳನ್ನು ಕಾಗದದ ಮೇಲೆಯೇ ಸಾಧಿಸಬಹುದು. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಕಂಡುಹಿಡಿಯುವ ಹೊಸ ದಾರಿ ಕೊಟ್ಟರು. ಅಂಕಿಗಳು ಹೆಚ್ಚಿದರೂ ಕೆಲಸ ಕೈಮೀರಿ ಬೆಳೆಯುವುದಿಲ್ಲ ಎಂದು ಗಣಿತದಿಂದಲೇ ತೋರಿಸಿದರು. ಯಾವ ಯಂತ್ರದಲ್ಲಿ ಓಡಿಸಿದಿರಿ ಅಂತ ಅವರನ್ನು ಯಾರೂ ಕೇಳಬೇಕಾಗಿಲ್ಲ.

ಆದರೆ "ನನ್ನ ಉಪಾಯದಿಂದ ಪ್ರೋಗ್ರಾಂ ಶೇ. 5ರಷ್ಟು ಚುರುಕಾಯಿತು" ಅಂದರೆ? ಓಡಿಸಿ ಅಳೆಯಲೇಬೇಕು. ಅದರಲ್ಲೇನು ಮಹಾ, ಗಡಿಯಾರ ನೋಡಿದರಾಯ್ತು ಅನ್ನಿಸುತ್ತೆ, ಅಲ್ವಾ?

ಕೊಲೊರಾಡೊ ವಿಶ್ವವಿದ್ಯಾಲಯದ ಟಾಡ್ ಮಿಟ್ಕೋವಿಚ್ ಮತ್ತು ಸಂಗಡಿಗರು 2009ರಲ್ಲಿ ಆ ನಂಬಿಕೆಗೇ ಪೆಟ್ಟು ಕೊಟ್ಟರು. ಅವರು ಎತ್ತಿಕೊಂಡದ್ದು ತೀರಾ ಸಾಮಾನ್ಯ ಪ್ರಶ್ನೆ. ಕೋಡನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್‌ನಲ್ಲಿ ಪ್ರೋಗ್ರಾಂ ಚುರುಕುಗೊಳಿಸಲು ‘ಓ2’, ‘ಓ3’ ಎಂಬ ಹಂತಗಳಿವೆ; ಓ3 ಇನ್ನೂ ಹೆಚ್ಚು ಪ್ರಯತ್ನಿಸುತ್ತದೆ. ಓ3ರಿಂದ ನಿಜಕ್ಕೂ ವೇಗ ಹೆಚ್ಚುತ್ತದೆಯೇ? ಉತ್ತರ, ಪ್ರೋಗ್ರಾಂ ಮೆಮೊರಿಯಲ್ಲಿ ಎಲ್ಲಿ ಕೂರುತ್ತದೆ ಎಂಬುದರ ಮೇಲೆ ಬದಲಾಗುತ್ತಿತ್ತು.

ಲಿನಕ್ಸ್‌ನಂಥ ಯುನಿಕ್ಸ್ ಮಾದರಿಯ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಪ್ರೋಗ್ರಾಂ ಶುರುವಾಗುವಾಗ ಬಳಕೆದಾರನ ಹೆಸರು, ಫೋಲ್ಡರಿನ ವಿಳಾಸದಂಥ ವಿವರಗಳು ಮೊದಲು ಮೆಮೊರಿಯ ಒಂದು ತುದಿಯಲ್ಲಿ ಕೂರುತ್ತವೆ. ಪ್ರೋಗ್ರಾಂ ಲೆಕ್ಕಾಚಾರಕ್ಕೆ ಬಳಸುವ ಸ್ಟ್ಯಾಕ್ ಅವುಗಳ ಪಕ್ಕದಿಂದ ಆರಂಭ. ವಿವರಗಳು ಉದ್ದವಾದಷ್ಟೂ ಸ್ಟ್ಯಾಕ್ ಸರಿಯುತ್ತದೆ. ಪ್ರೊಸೆಸರ್ ಮೆಮೊರಿಯನ್ನು ಒಂದೇ ಅಳತೆಯ ತುಂಡುಗಳಾಗಿ ಎತ್ತಿಕೊಳ್ಳುತ್ತದೆ. ಬೇಕಾದ ಮಾಹಿತಿ ಎರಡು ತುಂಡುಗಳ ಗಡಿಯ ಮೇಲೆ ಬಿತ್ತೋ, ಎರಡೂ ತುಂಡು ಬೇಕಾಗುತ್ತದೆ. ಸಮಯ ಜಾಸ್ತಿ ಹಿಡಿಯುತ್ತದೆ. ಕೋಡಿನಲ್ಲಿ ಒಂದಕ್ಷರವೂ ಬದಲಾಗಿಲ್ಲ!

ಪ್ರೋಗ್ರಾಂ ಕಟ್ಟುವಾಗ ಅದರ ಫೈಲುಗಳನ್ನು ಜೋಡಿಸುವ ಕ್ರಮ ಬದಲಿಸಿದರೂ ಇದೇ ಕತೆ. ಒಂದು ಕ್ರಮದಲ್ಲಿ ಗೆದ್ದ ಓ3 ಇನ್ನೊಂದರಲ್ಲಿ ಸೋತಿತು. ಒಂದೇ ಕ್ರಮದಲ್ಲಿ ನೂರು ಸಲ ಓಡಿಸಿ ಸರಾಸರಿ ತೆಗೆದರೆ ಸರಿಹೋಗುತ್ತದೆಯೇ? ಇಲ್ಲ, ನೂರು ಸಲವೂ ಅದೇ ತಪ್ಪು ಉತ್ತರ ಸಿಗುತ್ತದೆ. ಈ ತಂಡ ಹೆಸರಾಂತ ಸಮ್ಮೇಳನಗಳ 133 ಪ್ರಬಂಧಗಳನ್ನು ತೆಗೆದು ನೋಡಿತು. ಈ ತೊಡಕನ್ನು ಸರಿಯಾಗಿ ಗಮನಿಸಿದ್ದು ಒಂದೂ ಇರಲಿಲ್ಲ.

ಮದ್ದು ಬಂದದ್ದು ಔಷಧ ಪರೀಕ್ಷೆಯವರ ದಾರಿಯಿಂದ. ಯಾವ ರೋಗಿಗೆ ಯಾವ ಮಾತ್ರೆ ಎಂಬುದನ್ನು ಅವರು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ. 2013ರಲ್ಲಿ ಚಾರ್ಲಿ ಕರ್ಟ್‌ಸಿಂಗರ್ ಮತ್ತು ಎಮೆರಿ ಬರ್ಜರ್ ತಂದ ‘ಸ್ಟೆಬಿಲೈಸರ್’ ಎಂಬ ಸಾಧನ, ಪ್ರೋಗ್ರಾಂ ಓಡುತ್ತಿರುವಾಗಲೇ ಕೋಡು, ಸ್ಟ್ಯಾಕುಗಳ ಜಾಗವನ್ನು ಮತ್ತೆ ಮತ್ತೆ ಅದಲುಬದಲು ಮಾಡುತ್ತದೆ. ಜಾಗದ ಅದೃಷ್ಟ ಸರಾಸರಿಯಲ್ಲಿ ಕರಗಿಹೋಗುತ್ತದೆ. ಹಾಗೆ ಅಳೆದಾಗ, ಪರೀಕ್ಷಿಸಿದ ಪ್ರೋಗ್ರಾಂಗಳಲ್ಲಿ ಒಟ್ಟಾರೆ ಓ2ಕ್ಕಿಂತ ಓ3 ಮೇಲು ಅನ್ನಲು ಆಧಾರವೇ ಸಿಗಲಿಲ್ಲ. ನನಗಂತೂ ಇದು ವೇಗ ಹೆಚ್ಚಿಸಿದ ಎಷ್ಟೋ ಉಪಾಯಗಳಿಗಿಂತ ದೊಡ್ಡ ಫಲಿತಾಂಶ.

ಈಗ ಹಲವು ಸಮ್ಮೇಳನಗಳು ಲೇಖಕರ ಕೋಡನ್ನೂ ತರಿಸಿಕೊಂಡು ಬೇರೆಯವರಿಂದ ಓಡಿಸಿ ನೋಡುತ್ತವೆ. ಒಳ್ಳೆಯದೇ. ಆದರೆ ಲೇಖಕರು ಕಟ್ಟಿಕೊಟ್ಟ ವ್ಯವಸ್ಥೆಯಲ್ಲೇ ಸುಮ್ನೆ ಓಡಿಸಿದರೆ, ಅವರ ಅಂಕಿಯೇ ಮತ್ತೆ ಬಂದರೆ ಆಶ್ಚರ್ಯವೇನಿಲ್ಲ.