ಆಯಿಲ್ ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ

ಎಂಜಿನ್ ಆಯಿಲ್ ಸೋರುತ್ತಿದೆ ಎಂದು ಕಾರು ತರುವವರಲ್ಲಿ ಬಹಳ ಮಂದಿ ಒಂದೇ ಬಗೆಯಾಗಿ ನಡೆದುಕೊಳ್ಳುವುದನ್ನು ಕಂಡಿದ್ದೇನೆ. ಗೇರ್‌ಬಾಕ್ಸ್ ಇಳಿಸಿ ಮಾಡಬೇಕಾದ ದೊಡ್ಡ ದುರಸ್ತಿಯ ಎಸ್ಟಿಮೇಟ್‌ಗೆ ಅವರು ತಕ್ಷಣ ಸಹಿ ಹಾಕುತ್ತಾರೆ, ಆದರೆ ಆಯಿಲ್ ನಿಜವಾಗಿ ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಹಚ್ಚಲು ಬೇಕಾಗುವ ಒಂದೆರಡು ಗಂಟೆಗಳ ಪರೀಕ್ಷೆಗೆ ಪ್ರತ್ಯೇಕವಾಗಿ ಹಣ ಕೊಡಬೇಕಾಗುತ್ತದೆ ಎಂದರೆ, "ಬರೀ ನೋಡೋದಕ್ಕೂ ದುಡ್ಡು ಕೊಡಬೇಕಾ?" ಎಂದು ಬೇಸರಿಸಿಕೊಳ್ಳುತ್ತಾರೆ. ಡೀಲರ್ ಸರ್ವಿಸ್ ಸೆಂಟರ್‌ನಲ್ಲೂ ಸ್ವತಂತ್ರ ವರ್ಕ್‌ಶಾಪ್‌ನಲ್ಲೂ ಕೆಲಸ ಮಾಡಿದ ಅನುಭವದಿಂದ ಹೇಳುತ್ತೇನೆ: ಆಯಿಲ್ ಸೋರಿಕೆಯ ದುರಸ್ತಿಯಲ್ಲಿ ವ್ಯರ್ಥವಾಗುವ ಹಣದ ದೊಡ್ಡ ಪಾಲು ಈ ಒಂದು ಹಿಂಜರಿಕೆಯಿಂದಲೇ ಹೋಗುತ್ತದೆ.

ಆಯಿಲ್ ನೆಲಕ್ಕೆ ಬೀಳುವ ಜಾಗಕ್ಕೂ ಅದು ಎಂಜಿನ್ನಿಂದ ಹೊರಬರುವ ಜಾಗಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಮಾಡಿನಲ್ಲಿ ಒಂದು ಕಡೆ ಒಡೆದ ಹೆಂಚಿನಿಂದ ಇಳಿದ ನೀರು ತೊಲೆಯ ಗುಂಟ ಹರಿದು ಬೇರೊಂದು ಕೋಣೆಯಲ್ಲಿ ತೊಟ್ಟಿಕ್ಕುವಂತೆಯೇ ಇದು. ಎಂಜಿನ್ನಿನ ಮೇಲ್ಭಾಗದಲ್ಲಿರುವ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ (ಎರಡು ಭಾಗಗಳ ಸಂದಿಯಲ್ಲಿ ಆಯಿಲ್ ಸೋರದಂತೆ ಕೂರಿಸುವ ಪಟ್ಟಿ) ಬಿಸಿಲಿಗಲ್ಲ, ಎಂಜಿನ್ನಿನದೇ ಶಾಖಕ್ಕೆ ವರ್ಷಗಟ್ಟಲೆ ಬೆಂದು ಗಡುಸಾಗುತ್ತದೆ. ಅದರ ಹಿಂಬದಿಯ ಅಂಚಿನಿಂದ ಜಿನುಗಿದ ಆಯಿಲ್ ಬ್ಲಾಕಿನ ಹಿಂಭಾಗದ ಗುಂಟ ಯಾರ ಕಣ್ಣಿಗೂ ಬೀಳದೆ ಇಳಿದು, ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಸಂದಿಗೆ ಬಂದು ಅಲ್ಲಿಂದ ತೊಟ್ಟಿಕ್ಕುತ್ತದೆ. ಎಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಆಯಿಲ್ ಸೀಲ್ (ಆಯಿಲ್ ಹೊರಬರದಂತೆ ತಡೆಯುವ ಬಳೆ) ಹೋಗಿದ್ದರೂ ಆಯಿಲ್ ಕಾಣಿಸಿಕೊಳ್ಳುವುದು ಸರಿಯಾಗಿ ಅದೇ ಸಂದಿಯಲ್ಲಿ. ಮೊದಲನೆಯದು ಹಲವು ಕಾರುಗಳಲ್ಲಿ ಕೆಲವು ಬೋಲ್ಟು ಬಿಚ್ಚಿ ಅರ್ಧ ದಿನದಲ್ಲಿ ಮುಗಿಯುವ ಕೆಲಸ. ಎರಡನೆಯದಕ್ಕೆ ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಎಲ್ಲವೂ ಕೆಳಗಿಳಿಯಬೇಕು. ಸೀಲಿನ ಬೆಲೆ ಅಲ್ಪ, ಲೇಬರ್ ಮಾತ್ರ ಅದರ ಎಷ್ಟೋ ಪಟ್ಟು. ಕೆಳಗಿನಿಂದ ಟಾರ್ಚ್ ಹಿಡಿದು ನೋಡಿದವನಿಗೆ ಎರಡೂ ಒಂದೇ ರೀತಿ ಕಾಣುತ್ತವೆ ಎಂಬುದನ್ನು ದಯವಿಟ್ಟು ನೆನಪಿಡಿ.

ಇದರ ಜೊತೆಗೆ ಗಾಳಿಯ ಹೊಡೆತವೂ ಇದೆ. ಕಾರು ಓಡುವಾಗ ಮುಂದಿನಿಂದ ನುಗ್ಗುವ ಗಾಳಿ ಆಯಿಲನ್ನು ಹಿಂದಕ್ಕೆ ಹರಡುತ್ತದೆ, ಕೆಳಗಿರುವ ಪ್ಲಾಸ್ಟಿಕ್ ತಟ್ಟೆ ಅದನ್ನು ಹಿಡಿದಿಟ್ಟುಕೊಂಡು ಮತ್ತೆಲ್ಲಿಂದಲೋ ಬೀಳಿಸುತ್ತದೆ. ಆಯಿಲ್ ಫಿಲ್ಟರಿನ ಹೌಸಿಂಗ್, ಆಯಿಲ್ ಕೂಲರ್, ಆಯಿಲ್ ಪ್ರೆಶರ್ ಸ್ವಿಚ್ಚು, ಟರ್ಬೊದಿಂದ ಆಯಿಲ್ ಮರಳುವ ಪೈಪು, ಟೈಮಿಂಗ್ ಕವರ್, ಕ್ಯಾಮ್‌ಶಾಫ್ಟ್ ಸೀಲ್ – ಇವುಗಳಲ್ಲಿ ಯಾವುದರಿಂದ ಬಂದರೂ ಕೊನೆಗೆ ಒದ್ದೆಯಾಗುವುದು ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಪಾತ್ರೆ, ಅಂದರೆ ಆಯಿಲ್ ಚೇಂಬರೇ. ಹಾಗಾಗಿಯೇ "ಚೇಂಬರ್ ಪ್ಯಾಕಿಂಗ್ ಹೋಗಿದೆ" (ಅಂದರೆ ಅದರ ಗ್ಯಾಸ್ಕೆಟ್ ಹಾಳಾಗಿದೆ) ಎಂಬ ತೀರ್ಪು ಅಷ್ಟು ಸುಲಭವಾಗಿ ಹೊರಬೀಳುತ್ತದೆ.

ಸರಿಯಾದ ಪತ್ತೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದಕ್ಕೆ ಹಣ ಏಕೆ ಕೊಡಬೇಕು ಎಂಬುದು ಇದರಿಂದಲೇ ತಿಳಿಯುತ್ತದೆ. ಮೊದಲು ಎಂಜಿನ್ನನ್ನು ಮೇಲಿನಿಂದ ಕೆಳಗಿನವರೆಗೆ ಜಿಡ್ಡು ತೆಗೆಯುವ ಡಿಗ್ರೀಸರ್ ಹಾಕಿ, ವಿದ್ಯುತ್ ಸಂಪರ್ಕಗಳಿಗೆ ನೀರು ನುಗ್ಗದಂತೆ ನೋಡಿಕೊಂಡು, ತೊಳೆದು ಪೂರ್ತಿ ಒಣಗಿಸಬೇಕು. ಹಳೆಯ ಕೊಳೆಯ ಮೇಲೆ ಹೊಸ ಸೋರಿಕೆಯನ್ನು ಗುರುತಿಸಲು ಯಾರಿಂದಲೂ ಸಾಧ್ಯವಿಲ್ಲ. ನಂತರ ಆಯಿಲ್ ಮಟ್ಟ ಸರಿಯಿದೆಯೇ, ಕಳೆದ ಸರ್ವಿಸ್‌ನಲ್ಲಿ ಅಳತೆ ಮೀರಿ ತುಂಬಿದ್ದಾರೆಯೇ ಎಂದು ನೋಡಬೇಕು. ಆಮೇಲೆ ಆಯಿಲ್‌ಗೆ ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣವನ್ನು ಬೆರೆಸಿ, ಎಂಜಿನ್ ತನ್ನ ಮಾಮೂಲಿ ಶಾಖಕ್ಕೆ ಬರುವವರೆಗೆ, ಅಂದರೆ ಸುಮಾರು 90 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಅಲ್ಲೇ ಸ್ವಲ್ಪ ಹೊತ್ತು ನಿಲ್ಲುವವರೆಗೆ, ಕಾರನ್ನು ಓಡಿಸಬೇಕು. ತಣ್ಣಗಿದ್ದಾಗ ಗಟ್ಟಿಯಾಗಿರುವ ಆಯಿಲ್ ಬಿಸಿಯಾದಾಗ ತೆಳುವಾಗುತ್ತದೆ, ಲೋಹ ಹಿಗ್ಗುತ್ತದೆ, ಕೆಲವು ಸೋರಿಕೆಗಳು ಆಗ ಮಾತ್ರ ಬಾಯಿ ಬಿಡುತ್ತವೆ. ಇನ್ನು ಕೆಲವು ರಾತ್ರಿಯಿಡೀ ತಣ್ಣಗೆ ನಿಂತಾಗಲೇ ಕಾಣಿಸುತ್ತವೆ. ಕೊನೆಗೆ ಲಿಫ್ಟ್‌ಗೆ ಏರಿಸಿ, ನೇರಳಾತೀತ ದೀಪ ಹಿಡಿದು, ಅತ್ಯಂತ ಮೇಲಿನ ಮತ್ತು ಅತ್ಯಂತ ಮುಂದಿನ ಒದ್ದೆಯ ಗುರುತನ್ನು ಹುಡುಕಬೇಕು. ಮೂಲ ಸಾಮಾನ್ಯವಾಗಿ ಅಲ್ಲಿರುತ್ತದೆ. ನಿಧಾನವಾದ ಸೋರಿಕೆಯಾದರೆ ಆಯಿಲ್‌ಗೆ ಬಣ್ಣ ಬೆರೆಸಿದ ಕಾರನ್ನು ಮಾಲೀಕರೇ ಕೆಲವು ದಿನ ಓಡಿಸಿ ಮತ್ತೆ ತರಬೇಕಾಗಬಹುದು. ಇದಿಷ್ಟೂ ಒಬ್ಬ ಅನುಭವಿ ಮೆಕ್ಯಾನಿಕ್‌ನ ಶ್ರಮ. ಅದಕ್ಕೆ ಹಣ ಕೊಡಲು ಯಾರೂ ಸಿದ್ಧರಿಲ್ಲದಿದ್ದರೆ ಅವನು ಊಹೆ ಮಾಡುತ್ತಾನೆ, ಆ ಊಹೆಯ ಖರ್ಚನ್ನು ನೀವು ಹೊರುತ್ತೀರಿ.

ಒಬ್ಬ ನಿವೃತ್ತ ಶಿಕ್ಷಕಿ ತಮ್ಮ ಕಾರನ್ನು ತಂದಿದ್ದರು. ಹಿಂದಿನ ಕ್ರ್ಯಾಂಕ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎಂದು ಬೇರೆ ಕಡೆ ಎಸ್ಟಿಮೇಟ್ ಕೊಟ್ಟಿದ್ದರು. ಅಷ್ಟು ಹಣ ಹಾಕುವ ಬದಲು ಕಾರನ್ನೇ ಮಾರಿಬಿಡಲೇ ಎಂದು ಕೇಳುವಷ್ಟು ನೊಂದಿದ್ದರು. ತೊಳೆದು, ಆಯಿಲ್‌ಗೆ ಬಣ್ಣ ಬೆರೆಸಿ, ಓಡಿಸಿ ನೋಡಿದಾಗ ಬ್ಲಾಕಿನ ಹಿಂಬದಿಯಲ್ಲಿದ್ದ ಆಯಿಲ್ ಪ್ರೆಶರ್ ಸ್ವಿಚ್ಚಿನ ಮೈಯಿಂದಲೇ ಆಯಿಲ್ ಒಸರುತ್ತಿತ್ತು. ಸ್ವಿಚ್ಚು ಬದಲಾಯಿಸಿದೆವು, ಸೋರಿಕೆ ನಿಂತಿತು. ಎಸ್ಟಿಮೇಟ್ ಕೊಟ್ಟವರು ಮೋಸ ಮಾಡಲು ಹೊರಟಿದ್ದರೆಂದು ನಾನು ಹೇಳುವುದಿಲ್ಲ. ಸಂದಿಯಿಂದ ಆಯಿಲ್ ತೊಟ್ಟಿಕ್ಕುತ್ತಿದ್ದುದು ನಿಜವೇ ಆಗಿತ್ತು. ಅದರ ಮೇಲೆ ಏನಿದೆ ಎಂದು ನೋಡಲು ಯಾರೂ ಸಮಯ ತೆಗೆದುಕೊಂಡಿರಲಿಲ್ಲ ಅಷ್ಟೆ. ಎಲ್ಲ ಪ್ರಕರಣಗಳೂ ಹೀಗೆ ಸುಲಭವಾಗಿ ಮುಗಿಯುತ್ತವೆ ಎಂಬ ಭರವಸೆಯನ್ನು ನಾನು ಕೊಡಲಾರೆ. ಕೆಲವೊಮ್ಮೆ ಪರೀಕ್ಷೆಯ ನಂತರವೂ ಹಿಂದಿನ ಸೀಲೇ ಕಾರಣವೆಂದು ತಿಳಿಯುತ್ತದೆ, ಆಗ ಗೇರ್‌ಬಾಕ್ಸ್ ಇಳಿಸದೆ ದಾರಿಯಿಲ್ಲ.

ಸೀಲ್ ನಿಜವಾಗಿ ಹೋಗಿದ್ದರೂ ಅದು ಏಕೆ ಹೋಯಿತು ಎಂದು ಕೇಳಲೇಬೇಕು. ಎಂಜಿನ್ನಿನ ಒಳಗೆ ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿಯುವ ಅನಿಲವನ್ನು ಹೊರತೆಗೆಯಲು ಪಿಸಿವಿ ವಾಲ್ವ್ ಅಥವಾ ಬ್ರೀದರ್ ವ್ಯವಸ್ಥೆ ಇರುತ್ತದೆ. ಅದು ಕೊಳೆ ಕಟ್ಟಿ ಮುಚ್ಚಿಕೊಂಡರೆ ಒಳಗಿನ ಒತ್ತಡ ಏರಿ, ಇರುವುದರಲ್ಲೇ ದುರ್ಬಲವಾದ ಸೀಲಿನಿಂದ ಆಯಿಲನ್ನು ಹೊರದೂಡುತ್ತದೆ. ಬ್ರೀದರ್ ನೋಡದೆ ಹೊಸ ಸೀಲ್ ಹಾಕಿದರೆ ಕೆಲವು ತಿಂಗಳಲ್ಲೇ ಅದೇ ಸೋರಿಕೆ ಮರಳಬಹುದು, ಆಗ ಪಾಪದ ಆ ಸೀಲಿನ ಗುಣಮಟ್ಟವನ್ನು ಎಲ್ಲರೂ ದೂರುತ್ತಾರೆ. ಎಂಜಿನ್ನೇ ಸವೆದು ಅನಿಲ ಹೆಚ್ಚಾಗಿ ನುಗ್ಗುತ್ತಿದ್ದರಂತೂ ಸೀಲ್ ಬದಲಾವಣೆಯಿಂದ ಪರಿಹಾರ ಸಿಗದು.

ಡೀಲರ್ ಬಳಿ ಹೋದಾಗ ಗ್ರಾಹಕರು ಪದೇ ಪದೇ ಮಾಡುವ ಒಂದು ಕೆಲಸವನ್ನು ನಿಲ್ಲಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಕಾರು ಒಪ್ಪಿಸುವಾಗ ಕೆಲಸದ ವಿವರ ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ "ಹಿಂದಿನ ಆಯಿಲ್ ಸೀಲ್ ಬದಲಾಯಿಸಿ" ಎಂದು ದುರಸ್ತಿಯನ್ನು ಬರೆಸಬೇಡಿ. "ರಾತ್ರಿ ನಿಲ್ಲಿಸಿದ ಮೇಲೆ ಎಂಜಿನ್ ಕೆಳಗೆ ಆಯಿಲ್ ಬೀಳುತ್ತಿದೆ, ಮೂಲವನ್ನು ಪತ್ತೆ ಹಚ್ಚಿ ತಿಳಿಸಿ" ಎಂದು ತೊಂದರೆಯನ್ನು ಬರೆಸಿ. ಮೊದಲನೆಯದನ್ನು ಬರೆಸಿದರೆ ಅವರು ನೀವು ಹೇಳಿದ ಕೆಲಸ ಮಾಡಿಕೊಟ್ಟಂತೆ ಆಗುತ್ತದೆ, ಸೋರಿಕೆ ಮುಂದುವರಿದರೆ ಕೇಳಲು ನಿಮಗೆ ನೆಲೆಯಿರುವುದಿಲ್ಲ. ಕೌಂಟರಿನಲ್ಲಿ ಮಾತನಾಡುವ ಸರ್ವಿಸ್ ಅಡ್ವೈಸರ್ ಬಹುತೇಕ ಕಾರಿನ ಕೆಳಗೆ ಹೋಗಿ ನೋಡಿದವರಲ್ಲ. ನೋಡಿದ ಟೆಕ್ನಿಶಿಯನ್ ಜೊತೆ ಮಾತನಾಡಿಸಿ ಎಂದು ವಿನಯವಾಗಿ ಕೇಳಿ, ಸೋರಿಕೆಯ ಮೂಲದ ಫೋಟೊ ಕೇಳಿ, ಬದಲಾಯಿಸಿದ ಹಳೆಯ ಭಾಗವನ್ನು ತೋರಿಸಲು ಕೆಲಸ ಶುರುವಾಗುವ ಮೊದಲೇ ಹೇಳಿಡಿ. ಒಳ್ಳೆಯ ಕೆಲಸಗಾರರು ಇದರಿಂದ ಸಿಟ್ಟಾಗುವುದಿಲ್ಲ. ತಾವು ಕಷ್ಟಪಟ್ಟು ಕಂಡುಹಿಡಿದದ್ದನ್ನು ತೋರಿಸಲು ಅವರಿಗೂ ಸಂತೋಷವೇ.

ವಾರಂಟಿ ಇನ್ನೂ ಇದ್ದರೆ ಸಣ್ಣ ಜಿನುಗನ್ನೂ ಅವಧಿ ಮುಗಿಯುವ ಮೊದಲೇ ಬರವಣಿಗೆಯಲ್ಲಿ ದಾಖಲಿಸಿ. "ಇದು ಬರೀ ಜಿನುಗು, ಮುಂದೆ ನೋಡೋಣ" ಎಂದರೆ ಆ ಮಾತನ್ನೇ ಜಾಬ್ ಕಾರ್ಡಿನಲ್ಲಿ ಬರೆದುಕೊಡಲು ಕೇಳಿ. ಅವಧಿ ಮುಗಿದ ಬಳಿಕ ಅದೇ ಜಾಗ ಸೋರಿದರೆ, ತಯಾರಕರ ಬಳಿ ಖರ್ಚಿನ ಒಂದು ಪಾಲನ್ನಾದರೂ ಭರಿಸುವಂತೆ ಕೋರಲು ಈ ದಾಖಲೆ ಮತ್ತು ಕ್ರಮವಾದ ಸರ್ವಿಸ್ ಬಿಲ್ಲುಗಳು ನಿಮ್ಮ ಕೈಯಲ್ಲಿರುವ ಆಧಾರ. ವಿಸ್ತರಿತ ವಾರಂಟಿಗಳು ಗ್ಯಾಸ್ಕೆಟ್ ಮತ್ತು ಸೀಲುಗಳನ್ನು ಒಳಗೊಂಡಿರಬಹುದು, ಇಲ್ಲದಿರಬಹುದು. ಕರಾರು ಓದದೆ ಯಾರ ಬಾಯಿಮಾತನ್ನೂ ನಂಬಬೇಡಿ.

ಜಿನುಗುವುದಕ್ಕೂ ತೊಟ್ಟಿಕ್ಕುವುದಕ್ಕೂ ವ್ಯತ್ಯಾಸವಿದೆ. ಹಳೆಯ ಎಂಜಿನ್ನಿನ ಗ್ಯಾಸ್ಕೆಟ್ ಅಂಚು ತೇವವಾಗಿದ್ದು ನೆಲಕ್ಕೆ ಹನಿ ಬೀಳದಿದ್ದರೆ, ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ನೋಡುತ್ತಾ ಕಾಯಬಹುದು. ಹಲವು ಕಾರುಗಳಲ್ಲಿ ಡಿಪ್‌ಸ್ಟಿಕ್ಕಿನ ಕೆಳಗಿನ ಮತ್ತು ಮೇಲಿನ ಗುರುತುಗಳ ನಡುವಿನ ಅಂತರ ಸುಮಾರು 1 ಲೀಟರ್. ವಾರಕ್ಕೊಮ್ಮೆ ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆರಿಸಿ ಕೆಲವು ನಿಮಿಷ ಬಿಟ್ಟು ಅಳೆದು ಬರೆದಿಟ್ಟರೆ ಇಳಿಕೆಯ ವೇಗ ತಿಳಿಯುತ್ತದೆ. ಆದರೆ ಆಯಿಲ್ ಬಿಸಿಯಾದ ಎಕ್ಸಾಸ್ಟ್ ಮೇಲೆ ಬಿದ್ದು ಸುಟ್ಟ ವಾಸನೆ ಬರುತ್ತಿದ್ದರೆ ಬೆಂಕಿಯ ಅಪಾಯವಿದೆ; ಹೊರಗಿನ ಟೈಮಿಂಗ್ ಬೆಲ್ಟಿಗೆ ಆಯಿಲ್ ತಾಗಿದರೆ ರಬ್ಬರ್ ಹಾಳಾಗಿ ಬೆಲ್ಟ್ ತುಂಡಾಗಬಹುದು. ಇವೆರಡರಲ್ಲಿ ತಡ ಮಾಡಬೇಡಿ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಸೂಚಿಸುವುದು ಒತ್ತಡ ಕುಸಿದದ್ದನ್ನು. ಅದು ಹೊತ್ತಿದರೆ "ಮನೆ ಹತ್ತಿರವೇ ಇದೆ" ಎಂದು ಓಡಿಸಿಕೊಂಡು ಹೋಗದೆ, ಸುರಕ್ಷಿತ ಜಾಗದಲ್ಲಿ ಕೂಡಲೇ ಎಂಜಿನ್ ಆರಿಸಿ.

ಸೋರಿಕೆ ನಿಲ್ಲಿಸುತ್ತದೆ ಎಂದು ಮಾರುವ ದ್ರವಗಳು ಗಡುಸಾದ ರಬ್ಬರನ್ನು ಸ್ವಲ್ಪ ಉಬ್ಬಿಸಿ ಕೆಲಕಾಲ ನೆರವಾಗಬಹುದು. ಹರಿದ ಗ್ಯಾಸ್ಕೆಟ್‌ಗೆ ಅವುಗಳಿಂದ ಪ್ರಯೋಜನವಿಲ್ಲ, ವಾರಂಟಿಯಿರುವ ಕಾರಿಗೆ ಹಾಕಲೇಬೇಡಿ.

ಗೇರ್‌ಬಾಕ್ಸ್ ಇಳಿಸುವುದು ಖಚಿತವಾದರೆ, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲುಗಳ ಸ್ಥಿತಿಯನ್ನು ಅದೇ ಸಮಯದಲ್ಲಿ ನೋಡಿ ತಿಳಿಸಲು ಹೇಳಿ, ಏಕೆಂದರೆ ಅದೇ ಲೇಬರನ್ನು ಮತ್ತೊಮ್ಮೆ ಕೊಡಬೇಕಾಗಿ ಬರಬಾರದು. ಸೀಲೆಂಟ್ ಹಚ್ಚಿ ಕೂರಿಸಿದ ಭಾಗಗಳಿಗೆ ಒಣಗಲು ತಯಾರಕರು ಹೇಳಿದಷ್ಟು ಸಮಯ ಬೇಕು. ಸಂಜೆಯೇ ಕಾರು ಬೇಕೆಂದು ಅವಸರಪಡಿಸಬೇಡಿ. ಕಾರು ಕೈಗೆ ಬಂದಾಗ ಎಂಜಿನ್ನಿನ ಕೆಳಭಾಗ ತೊಳೆದು ಒಣಗಿದೆಯೇ ಎಂದು ಲಿಫ್ಟ್ ಮೇಲೆಯೇ ನೋಡಿ, ಓಡೋಮೀಟರ್ ಬರೆದಿಟ್ಟುಕೊಳ್ಳಿ, ಕೆಲವು ನೂರು ಕಿಲೋಮೀಟರ್ ಓಡಿಸಿದ ನಂತರ ಅದೇ ವರ್ಕ್‌ಶಾಪ್‌ಗೆ ಹೋಗಿ ಅದೇ ಜಾಗವನ್ನು ಮತ್ತೊಮ್ಮೆ ದೀಪ ಹಿಡಿದು ತೋರಿಸಲು ಕೇಳಿ, ಮತ್ತು ಆ ಮರುಪರೀಕ್ಷೆಯ ಮಾತನ್ನು ಬಿಲ್ ಕಟ್ಟುವ ಮೊದಲೇ ಬಿಲ್ಲಿನಲ್ಲಿ ಬರೆಸಿಕೊಳ್ಳಿ.