ಕೀಟನ್ ಯಾರ ಪರ ರೈಲು ಓಡಿಸಿದ?

ಓಡುವ ರೈಲು ಎಂಜಿನ್ನಿನ ಮೂತಿಯ ಮೇಲೆ ಅಮೆರಿಕದ ಹಾಸ್ಯನಟ, ನಿರ್ದೇಶಕ ಬಸ್ಟರ್ ಕೀಟನ್ ಕೂತಿದ್ದಾನೆ. ತೋಳಲ್ಲಿ ಹಳಿಯಡಿ ಹಾಸುವ ಮರದ ಸ್ಲೀಪರ್. ಮುಂದೆ ಹಳಿಗೆ ಅಡ್ಡಲಾಗಿ ಇನ್ನೊಂದು. ಕೈಯಲ್ಲಿದ್ದುದನ್ನು ಅದರ ತುದಿಗೆ ಗುರಿಯಿಟ್ಟು ಎಸೆಯುತ್ತಾನೆ. ಎರಡೂ ಹಾರಿ ಹಳಿಯಾಚೆ ಬೀಳುತ್ತವೆ. ಸ್ವಲ್ಪ ತಪ್ಪಿದ್ದರೂ ಪ್ರಾಣಕ್ಕೇ ಸಂಚಕಾರ. 1926ರ ‘ದಿ ಜನರಲ್’ ಮೂಕಿ ಚಿತ್ರದ ಈ ದೃಶ್ಯ ಇವತ್ತಿಗೂ ಉಸಿರು ಬಿಗಿಹಿಡಿಸಿ ನಗಿಸುತ್ತದೆ.

ಆದರೆ ಈಗ ನೋಡುವಾಗ ಕಣ್ಣಿಗೆ ಚುಚ್ಚುವುದು ಬೇರೆ. ಗೆಲ್ಲಲಿ ಎಂದು ನಾವು ಹಾರೈಸುವ ಈ ಪಾಪದ ಡ್ರೈವರ್ ಜಾನಿ, ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಲು ಹೊರಟ ದಕ್ಷಿಣದ ಕಡೆಯವನು.

ನಡೆದ ಕಥೆಯ ನಾಯಕರು ಬೇರೆ. 1862ರ ಏಪ್ರಿಲ್ 12ರಂದು ಜೇಮ್ಸ್ ಆಂಡ್ರ್ಯೂಸ್ ಎಂಬಾತ ಮಾರುವೇಷದ ಉತ್ತರದ ಸೈನಿಕರೊಂದಿಗೆ ಜಾರ್ಜಿಯಾದ ಬಿಗ್ ಶಾಂಟಿಯಲ್ಲಿ ‘ಜನರಲ್’ ಎಂಜಿನ್ ಕದ್ದ. ದಕ್ಷಿಣದವರ ರೈಲು ಸಂಪರ್ಕ ಕಡಿಯಬೇಕಿತ್ತು. ಕಂಡಕ್ಟರ್ ವಿಲಿಯಂ ಫುಲ್ಲರ್ ಮೊದಲು ಓಡಿಕೊಂಡೇ ಬೆನ್ನಟ್ಟಿದ. ಕೊನೆಗೆ ಇನ್ನೊಂದು ಎಂಜಿನ್ನನ್ನು ಹಿಮ್ಮುಖವಾಗಿ ಓಡಿಸಿಕೊಂಡು ಬಂದ. ಆಂಡ್ರ್ಯೂಸ್ ಸೇರಿ 8 ಮಂದಿಯನ್ನು ಗಲ್ಲಿಗೇರಿಸಿದರು. ಬದುಕಿ ಉಳಿದ ಸೈನಿಕ ವಿಲಿಯಂ ಪಿಟೆಂಜರ್ ಬರೆದ ಪುಸ್ತಕವೇ ಚಿತ್ರಕ್ಕೆ ಮೂಲ. ಅಂದರೆ ಕದ್ದವರ ಕಡೆಯ ಕಥೆ.

ಕೀಟನ್ ಅದನ್ನು ತಿರುಗಾಮುರುಗಾ ಮಾಡಿ, ಬೆನ್ನಟ್ಟಿದ ದಕ್ಷಿಣದವನನ್ನೇ ನಾಯಕನಾಗಿಸಿದ. ದಕ್ಷಿಣದವರನ್ನು ಖಳರಾಗಿ ತೋರಿಸಿದರೆ ಪ್ರೇಕ್ಷಕರು ಒಪ್ಪಲ್ಲ ಎಂಬುದು ಅವನ ಲೆಕ್ಕ. ಆ ಕಾಲಕ್ಕೆ ಅದು ಸಹಜ ಲೆಕ್ಕವೇ. ‘ದಕ್ಷಿಣದವರು ಮಾನಕ್ಕಾಗಿ ಹೋರಾಡಿ ಸೋತವರು’ ಎಂಬ ಕಥೆ ಅಷ್ಟರಲ್ಲಿ ಉತ್ತರಕ್ಕೂ ಹಬ್ಬಿತ್ತು. ಜಾರ್ಜಿಯಾದ ಸ್ಟೋನ್ ಮೌಂಟನ್ ಬಂಡೆಯಲ್ಲಿ ದಕ್ಷಿಣದ ನಾಯಕರನ್ನು ಕೆತ್ತಲು ಶುರುಮಾಡಿದ್ದೂ 1923ರಲ್ಲೇ. ಚಿತ್ರದಲ್ಲಿ ಕಪ್ಪು ಜನ ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ನನಗೆ ಜಾಸ್ತಿ ನೋಯುವುದು ಇದೇ. ಯಾರನ್ನು ಗುಲಾಮರಾಗಿ ಇಟ್ಟುಕೊಳ್ಳಲು ದಕ್ಷಿಣ ಯುದ್ಧಕ್ಕಿಳಿಯಿತೋ ಅವರೇ ಕಥೆಯಲ್ಲಿಲ್ಲ.

2015ರಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದ ಚಾರ್ಲ್ಸ್‌ಟನ್‌ನ ಚರ್ಚಿನಲ್ಲಿ ಬಿಳಿಯ ಜನಾಂಗದ್ವೇಷಿಯೊಬ್ಬ 9 ಕಪ್ಪು ಜನರನ್ನು ಕೊಂದ. ಆಮೇಲೆ ಆ ರಾಜ್ಯದ ಶಾಸನಸಭೆ ಅಂಗಳದಿಂದ ದಕ್ಷಿಣದ ಯುದ್ಧಬಾವುಟ ಇಳಿಯಿತು. ಇದನ್ನೆಲ್ಲ ಕಂಡವರಿಗೆ ಜಾನಿ ಬಾವುಟ ಎತ್ತಿ ಹಿಡಿಯುವ ದೃಶ್ಯ ಮೊದಲಿನ ಹಾಗೆ ಹಗುರವಾಗಿ ಕಾಣುವುದಿಲ್ಲ. ಅಲ್ಲಿ ಅವನು ದಿಬ್ಬವೆಂದು ಹತ್ತಿ ನಿಂತದ್ದು ತನ್ನದೇ ಕಡೆಯ ಅಧಿಕಾರಿಯ ಬೆನ್ನು! ಯುದ್ಧದ ವೀರಾವೇಶದ ಗಾಳಿ ತೆಗೆಯುವುದರಲ್ಲಿ ಕೀಟನ್ ಎಂಥ ಚುರುಕು ಅಲ್ವಾ? ಆ ಚುರುಕು ಗುಲಾಮಗಿರಿಯ ಹತ್ತಿರವೂ ಸುಳಿಯಲಿಲ್ಲ.

ಚಿತ್ರ ಆಗ ಸೋತಿತು. 1989ರಲ್ಲಿ ಅಮೆರಿಕ ಕಾಪಿಡಲು ಆರಿಸಿದ ಮೊದಲ 25 ಚಿತ್ರಗಳಲ್ಲಿ ಇದೂ ಸೇರಿತು. ಸೇರಲೇಬೇಕಿತ್ತು. ಇದನ್ನು ಬಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ. ತೋರಿಸುವವರು ಗಲ್ಲಿಗೇರಿದ ಆ 8 ಮಂದಿಯ ಕಥೆಯನ್ನೂ ಜೊತೆಗೇ ಹೇಳಲಿ.