ಹಳೆಯ ಟ್ರ್ಯಾಕ್ಟರ್ ಯಾವ ಕಾರ್ಖಾನೆಯದು?

ಹಳೆಯ ಟ್ರ್ಯಾಕ್ಟರ್‌ಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಮಾಲೀಕರು ಬಾನೆಟ್ ತೆರೆಯುವ ಮೊದಲೇ ಕಾರ್ಖಾನೆಯ ಹೆಸರು ಹೇಳಿ ಮುಖ ನೋಡುತ್ತಾರೆ, ಅದರಿಂದಲೇ ಬೆಲೆ ಏರಬೇಕು ಎನ್ನುವಂತೆ. ಏರುವುದೂ ಉಂಟು. ಆದರೆ ಅದಕ್ಕೆ ಆ ಕಾರ್ಖಾನೆಯ ಯಂತ್ರ ಬೇರೆಡೆಯದಕ್ಕಿಂತ ಭಿನ್ನವಾಗಿರಬೇಕು ಇಲ್ಲವೇ ಸಂಖ್ಯೆಯಲ್ಲಿ ಕಡಿಮೆ ಇರಬೇಕು. ಎದುರಿಗೆ ನಿಂತಿರುವ ಟ್ರ್ಯಾಕ್ಟರ್ ನಿಜಕ್ಕೂ ಅಲ್ಲಿಯದೇ ಎಂಬುದಕ್ಕೆ ಅದರ ಮೈಮೇಲೇ ಸಾಕ್ಷಿಯೂ ಬೇಕು.

ಹೆನ್ರಿ ಫೋರ್ಡ್‌ನ ಫೋರ್ಡ್‌ಸನ್ ಟ್ರ್ಯಾಕ್ಟರ್ ಇದಕ್ಕೆ ಒಳ್ಳೆಯ ಉದಾಹರಣೆ. 1917ರಲ್ಲಿ ಅಮೆರಿಕದ ಡಿಯರ್‌ಬಾರ್ನ್‌ನಲ್ಲಿ ಆರಂಭವಾದ ತಯಾರಿಕೆ 1919ರಲ್ಲಿ ಐರ್ಲೆಂಡಿನ ಕಾರ್ಕ್‌ಗೂ ಬಂತು, ಕೆಲವೇ ವರ್ಷಗಳಲ್ಲಿ ಅಲ್ಲಿ ನಿಂತಿತು. 1928ರಲ್ಲಿ ಅಮೆರಿಕದಲ್ಲೂ ನಿಂತಾಗ ಯಂತ್ರೋಪಕರಣಗಳನ್ನು ಕಾರ್ಕ್‌ಗೆ ಸಾಗಿಸಲಾಯಿತು. ಅಲ್ಲಿಂದ ಹೊರಬಂದ ಮಾಡೆಲ್ ಎನ್ ಹಳೆಯದರ ನಕಲಲ್ಲ. ಸಿಲಿಂಡರಿನ ವ್ಯಾಸ 4 ಇಂಚಿನಿಂದ 4⅛ ಇಂಚಿಗೆ ಹಿಗ್ಗಿತು, ಇಂಜಿನಿಗೆ ಕಿಡಿ ಒದಗಿಸಲು ಫ್ಲೈವೀಲ್ ಮ್ಯಾಗ್ನೆಟೊ ಬದಲು ಹೈ ಟೆನ್ಷನ್ ಮ್ಯಾಗ್ನೆಟೊ ಬಂತು. 1933ರಲ್ಲಿ ಎಲ್ಲವೂ ಇಂಗ್ಲೆಂಡಿನ ಡ್ಯಾಗನ್‌ಹ್ಯಾಮ್‌ಗೆ ಹೋಯಿತು. ಹೀಗಾಗಿ ಕಾರ್ಕ್‌ನ ಎರಡನೇ ಇನಿಂಗ್ಸ್ 1929ರಿಂದ 1932ರವರೆಗೆ ಮಾತ್ರ. ಡ್ಯಾಗನ್‌ಹ್ಯಾಮ್‌ನಲ್ಲಿ ಅದೇ ಮಾಡೆಲ್ 1945ರವರೆಗೆ ತಯಾರಾಯಿತು. ಸಂಗ್ರಾಹಕರು ಕಾರ್ಕ್‌ನದಕ್ಕೆ ಮುಗಿಬೀಳುವುದು ಈ ಅಲ್ಪಾವಧಿಯಿಂದಾಗಿ. ಐರ್ಲೆಂಡಿನವರಿಗಂತೂ ಅದು ಮನೆಮಗನಿದ್ದಂತೆ.

ಮೋಸ ನುಸುಳುವುದೂ ಇಲ್ಲಿಯೇ. ಕಾರ್ಕ್‌ನ ಬಣ್ಣ ಬೂದು. ಡ್ಯಾಗನ್‌ಹ್ಯಾಮ್‌ನವು ಮೊದಲು ನೀಲಿ, 1937ರಿಂದ ಕಿತ್ತಳೆ, ಯುದ್ಧಕಾಲದಲ್ಲಿ ಹಸಿರು. ನೀಲಿಯ ಮೇಲೆ ಬೂದು ಬಳಿಯಲು ಒಂದು ವಾರಾಂತ್ಯ ಸಾಕು. ಹಾಗಾಗಿ ನಾನು ಬೋಲ್ಟ್ ತಲೆಗಳ ಹಿಂದೆ, ಬ್ರಾಕೆಟ್‌ಗಳ ಸಂದಿಯಲ್ಲಿ ಕೆರೆದು ನೋಡುತ್ತೇನೆ. ಹೊಸದಾಗಿ ಮಿರುಗುವ ಟ್ರ್ಯಾಕ್ಟರಿಗಿಂತ, ಮೂಲ ಬಣ್ಣದ ಚೂರು ಉಳಿಸಿಕೊಂಡ ತುಕ್ಕು ಹಿಡಿದದ್ದೇ ನನಗೆ ಹೆಚ್ಚು ಹೇಳುತ್ತದೆ.

ಫರ್ಗುಸನ್‌ನ ಲೆಕ್ಕ ಬೇರೆ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಹೆಚ್ಚು ಟಿಇ20 ತಯಾರಾದವು. ಇಷ್ಟು ಇರುವಾಗ ‘ಕೊವೆಂಟ್ರಿಯದು’ ಎಂದರೆ ಯಾರ ಕಿವಿಯೂ ನಿಮಿರುವುದಿಲ್ಲ. ಬೇಡಿಕೆ ಇರುವುದು ಸ್ಟ್ಯಾಂಡರ್ಡ್ ಎಂಬ ಕಂಪನಿಯ ಇಂಜಿನ್ ಬರುವ ಮುಂಚಿನ, ಅಮೆರಿಕದ ಕಾಂಟಿನೆಂಟಲ್ ಕಂಪನಿಯ ಇಂಜಿನ್ ಇರುವ ಮೊದಮೊದಲ ಯಂತ್ರಗಳಿಗೆ. ಸ್ವಾರಸ್ಯವೆಂದರೆ 1948ರಿಂದ ಡೆಟ್ರಾಯಿಟ್‌ನಲ್ಲಿ ತಯಾರಾದ ಟಿಒ20ಯಲ್ಲಿಯೂ ಕಾಂಟಿನೆಂಟಲ್ಲೇ ಇತ್ತು. ಅಂದರೆ ಇಂಜಿನ್ ನೋಡಿ ಕಾರ್ಖಾನೆ ಹೇಳಲಾಗದು. ಸೀರಿಯಲ್ ಪ್ಲೇಟಿನ ಮೊದಲ ಅಕ್ಷರಗಳನ್ನು ಓದಬೇಕು. ಪ್ಲೇಟ್ ನಿಲ್ಲುವುದು ರಿವೆಟ್ ಮೇಲೆ, ರಿವೆಟ್ ಹೊಸದಾಗಿದ್ದರೆ ನನ್ನ ಅನುಮಾನವೂ ಹೊಸದಾಗುತ್ತದೆ.

1964ರಲ್ಲಿ ಬಂದ ಫೋರ್ಡ್ 2000ದಿಂದ 5000ದವರೆಗಿನ ಸರಣಿಯಲ್ಲಿ ಪತ್ತೆ ಕೆಲಸ ಸುಲಭ. ನಂಬರಿನ ಮುಂದೆ ಎ ಇದ್ದರೆ ಅಮೆರಿಕದ ಹೈಲ್ಯಾಂಡ್ ಪಾರ್ಕ್, ಬಿ ಇದ್ದರೆ ಇಂಗ್ಲೆಂಡಿನ ಬೆಸಿಲ್ಡನ್, ಸಿ ಇದ್ದರೆ ಬೆಲ್ಜಿಯಮ್ಮಿನ ಆಂಟ್‌ವರ್ಪ್. ಜೊತೆಗೆ ದಿನಾಂಕದ ಗುರುತು: ‘7ಸಿ14’ ಎಂದರೆ ಏಳರಲ್ಲಿ ಕೊನೆಗೊಳ್ಳುವ ವರ್ಷದ ಮಾರ್ಚ್ 14 (ಇಲ್ಲಿ ಸಿ ಕಾರ್ಖಾನೆಯದಲ್ಲ, ಮೂರನೇ ತಿಂಗಳ ಗುರುತು). ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಆ್ಯಕ್ಸಲ್ ಮೂರರ ದಿನಾಂಕಗಳೂ ಹತ್ತಿರಹತ್ತಿರ ಇದ್ದರೆ ಟ್ರ್ಯಾಕ್ಟರ್ ಹುಟ್ಟಿದಾಗಿನಿಂದ ಒಂದಾಗಿಯೇ ಇದೆ ಎನ್ನಬಹುದು. ಕಾರ್ಖಾನೆಗಳು ಒಂದಕ್ಕೊಂದು ಬಿಡಿಭಾಗ ಕಳಿಸುತ್ತಿದ್ದುದರಿಂದ ಬೇರೆ ಊರಿನ ಎರಕ ಕಂಡ ತಕ್ಷಣ ಕಲಬೆರಕೆ ಎನ್ನಬಾರದು. ಇಷ್ಟಾಗಿಯೂ ಇವುಗಳ ಬೆಲೆ ನಿಲ್ಲುವುದು ಮುಖ್ಯವಾಗಿ ಸ್ಥಿತಿಯ ಮೇಲೆ. ಎ, ಬಿ, ಸಿ ಅಕ್ಷರಕ್ಕೆ ಹೆಚ್ಚು ಹಣ ಕೊಡಬೇಡಿ ಎಂದೇ ನಾನು ಹೇಳುವುದು.

ಲಾಂಜ್ ಬುಲ್‌ಡಾಗ್ ವಿಷಯದಲ್ಲಿ ಮಾತ್ರ ಎಚ್ಚರ ಹೆಚ್ಚು ಬೇಕು. ಮೂಲ ಕಾರ್ಖಾನೆ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿತ್ತು. ಅದೇ ವಿನ್ಯಾಸದ ಒಂಟಿ ಸಿಲಿಂಡರ್ ಯಂತ್ರಗಳು ಪೋಲೆಂಡಿನಲ್ಲಿ ಉರ್ಸುಸ್ ಸಿ-45, ಫ್ರಾನ್ಸಿನಲ್ಲಿ ಲ ಪೆರ್ಶೆರಾನ್, ಅರ್ಜೆಂಟೀನಾದಲ್ಲಿ ಪಾಂಪಾ, ಆಸ್ಟ್ರೇಲಿಯಾದಲ್ಲಿ ಕೆಎಲ್ ಬುಲ್‌ಡಾಗ್ ಎಂಬ ಹೆಸರಿನಲ್ಲಿ ತಯಾರಾದವು. ಉರ್ಸುಸ್‌ಗೆ ಲಾಂಜ್ ಬಿಲ್ಲೆ ಹಚ್ಚಿದರೆ ದೂರದಿಂದ ಗುರುತಿಸುವುದು ಕಷ್ಟ. ಆದರೆ ನಕಲು ಎಂದ ಮಾತ್ರಕ್ಕೆ ಅಗ್ಗ ಎಂದೇನಲ್ಲ. ಕಡಿಮೆ ಸಂಖ್ಯೆಯಲ್ಲಿ ತಯಾರಾದ ಕೆಎಲ್‌ಗೆ ಆಸ್ಟ್ರೇಲಿಯಾದಲ್ಲಿ ತನ್ನದೇ ಅಭಿಮಾನಿ ಬಳಗವಿದೆ. ಅಂಥದ್ದಕ್ಕೆ ಲಾಂಜ್ ಬಿಲ್ಲೆ ಅಂಟಿಸಿದವರು ಕೈಯಾರೆ ಅದರ ಬೆಲೆ ಇಳಿಸಿಕೊಂಡಂತೆ. ಅದನ್ನು ಮಾರುವುದಿದ್ದರೆ ಆ ಬಿಲ್ಲೆ ಕಿತ್ತು, ಕೆಎಲ್ ಎಂದೇ ಹೇಳಿ, ಕೊಳ್ಳುವವರನ್ನು ಆಸ್ಟ್ರೇಲಿಯಾದಲ್ಲಿ ಹುಡುಕಿ.